‘ನಾನೇ ತಿಂದು ತಂದುಕೊಂಡದ್ದು’

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

72 ವರ್ಷದ ಹಿರಿಯರು ಮಗಳ ಜೊತೆ ಬಂದಿದ್ದರು. ಹೃದಯದಲ್ಲಿ ಪ್ರೋಟೀನ್ ಕೂತಿದೆ ಎಂದು ವೈದ್ಯರು ಹೇಳಿದ ದಿನದಿಂದ ಪ್ರೋಟೀನ್ ಇರುವುದನ್ನೆಲ್ಲ ತಿನ್ನುವುದು ಬಿಟ್ಟಿದ್ದರಂತೆ. ಮೂರೇ ವಾರದಲ್ಲಿ ಅಂಗಿ ಜೋಲಾಡುವಷ್ಟು ಸೊರಗಿದ್ದರು. “ನಾನೇ ತಿಂದು ತಂದುಕೊಂಡದ್ದು ಮೇಡಂ. ಬಿಟ್ಟರೆ ಕರಗೀತಲ್ಲ?”

ಔಷಧಿಯ ಮಾತಿಗಿಂತ ಮೊದಲು ಆ ತಪ್ಪಿತಸ್ಥ ಭಾವವನ್ನು ಇಳಿಸಬೇಕಿತ್ತು. ಅಮೈಲಾಯ್ಡೋಸಿಸ್, ಅಂದರೆ ಮಡಿಕೆ ತಪ್ಪಿದ ಪ್ರೋಟೀನ್ ಅಂಗಗಳಲ್ಲಿ ಕೂರುವ ಈ ಕಾಯಿಲೆ, ಊಟದಿಂದ ಬರುವುದಲ್ಲ. ಅವರದ್ದು ಟ್ರಾನ್ಸ್‌ಥೈರೆಟಿನ್ ಬಗೆ. ಈ ಪ್ರೋಟೀನನ್ನು ಎಲ್ಲರ ಯಕೃತ್ತೂ ತಯಾರಿಸುತ್ತದೆ. ಥೈರಾಯ್ಡ್ ಹಾರ್ಮೋನನ್ನು ರಕ್ತದಲ್ಲಿ ಹೊತ್ತೊಯ್ಯುವುದು ಅದರ ಕೆಲಸಗಳಲ್ಲಿ ಒಂದು. ನಾಲ್ಕು ತುಣುಕು ಕೂಡಿ ಆದ ಅದು ಕೆಲವರಲ್ಲಿ ಬಿಡಿಬಿಡಿಯಾಗಿ, ಮಡಿಕೆ ತಪ್ಪಿ, ಎಳೆಎಳೆಯಾಗಿ ಹೃದಯದ ಸ್ನಾಯುವಿನೊಳಗೆ ಸೇರಿಕೊಳ್ಳುತ್ತದೆ. ಗೋಡೆ ದಪ್ಪವಾಗಿ ಬಿರುಸಾಗುತ್ತದೆ. ಬಿರುಸಾದ ಹೃದಯಕ್ಕೆ ಸಡಿಲಗೊಂಡು ರಕ್ತ ತುಂಬಿಕೊಳ್ಳುವುದೇ ಕಷ್ಟ. ಏದುಸಿರು, ಕಾಲಿನ ಊತ ಬಂದದ್ದು ಅದರಿಂದ.

“ಅಪ್ಪ, ಎಂಟು ವರ್ಷದ ಹಿಂದೆ ಎರಡೂ ಕೈ ಜೋಮು ಹಿಡಿದು ಮಣಿಕಟ್ಟಿಗೆ ಆಪರೇಷನ್ ಆಗಿತ್ತಲ್ಲ?” ಎಂದರು ಮಗಳು. ಈ ಕಾಯಿಲೆ ಹೃದಯದಲ್ಲಿ ಗೊತ್ತಾಗುವ ಎಷ್ಟೋ ವರ್ಷ ಮೊದಲೇ ಹಾಗೆ ಸುಳಿವು ಕೊಡುವುದುಂಟು. ಆಗ ಯಾರಿಗೂ ಹೊಳೆಯದ್ದು ಅವರ ತಪ್ಪಲ್ಲ ಎಂದು ಎರಡು ಸಲ ಹೇಳಿದೆ.

ಊಟ ಮತ್ತೆ ಶುರುಮಾಡಿ ಎಂದೆ. ದಿನಾ ಬೆಳಿಗ್ಗೆ ತೂಕ ಬರೆದಿಡಿ, ಎರಡು ಮೂರು ದಿನದಲ್ಲೇ ಏರಿದರೆ ವೈದ್ಯರಿಗೆ ತಿಳಿಸಿ. ಉಪ್ಪು, ನೀರಿನ ಮಿತಿ ಅವರು ಹೇಳಿದಷ್ಟೇ ಇರಲಿ. ತಲೆ ಸುತ್ತುವವರು ನಿಧಾನವಾಗಿ ಏಳಬೇಕು. ಬಿಪಿ ಮಾತ್ರೆಯನ್ನು ತಾವೇ ಬದಲಿಸಬಾರದು. ಮೂಳೆಮಜ್ಜೆಯ ಕೋಶಗಳಿಂದ ಬರುವ ಇನ್ನೊಂದು ಬಗೆಯ ಅಮೈಲಾಯ್ಡ್‌ಗೆ ಚಿಕಿತ್ಸೆ ತಡವಾಗಬಾರದು. ಅದು ಇಲ್ಲವೆಂದು ರಕ್ತ, ಮೂತ್ರ ಪರೀಕ್ಷೆಯಲ್ಲಿ ಆಗಲೇ ಖಚಿತವಾಗಿತ್ತು. ಟಫಾಮಿಡಿಸ್ ಎಂಬ ಔಷಧಿ ಆ ನಾಲ್ಕು ತುಣುಕುಗಳನ್ನು ಬಿಡದಂತೆ ಹಿಡಿದು ಕಾಯಿಲೆಯ ವೇಗ ತಗ್ಗಿಸುತ್ತದೆ. ಈಗಾಗಲೇ ಕೂತದ್ದನ್ನು ತೆಗೆಯುತ್ತದೆಂದು ಭರವಸೆ ಕೊಡಲಾರೆ ಎಂದೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ನಾನೂ ಮಾತಾಡಲಿಲ್ಲ.

ಅಪ್ಪ ಹೊರಗೆ ಹೋದ ಮೇಲೆ ಮಗಳು ಕೇಳಿದರು: “ನನಗೂ ಬರುತ್ತಾ?”

ಟ್ರಾನ್ಸ್‌ಥೈರೆಟಿನ್ ಬಗೆಯಲ್ಲೂ ಎರಡುಂಟು. ವಯಸ್ಸಿನೊಂದಿಗೆ ಬರುವಂಥದ್ದು ಮಕ್ಕಳಿಗೆ ಇಳಿಯುವುದಿಲ್ಲ. ವಂಶವಾಹಿ ದೋಷದಿಂದ ಬಂದದ್ದಾದರೆ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ದಾಟಿದರೂ ಎಲ್ಲರಿಗೂ ಕಾಯಿಲೆ ಬರುವುದಿಲ್ಲ. ಹಾಗಾಗಿ ಮೊದಲು ಅಪ್ಪನ ವಂಶವಾಹಿ ಪರೀಕ್ಷೆ. ಅದರಲ್ಲಿ ದೋಷ ಕಂಡರೆ, ತಾವು ಪರೀಕ್ಷಿಸಿಕೊಳ್ಳಬೇಕೇ, ಯಾವಾಗ ಎಂಬುದು ಮಗಳದೇ ನಿರ್ಧಾರ. ಯಾರೂ ಅವಸರ ಮಾಡುವಂತಿಲ್ಲ.

ವರದಿ ಮುಂದಿನ ಭೇಟಿಗೆ ಬರುತ್ತದೆ. ಒಬ್ಬರೇ ಬರುತ್ತೀರಾ ಎಂದು ಕೇಳಿದೆ. “ಇಲ್ಲ, ಅಪ್ಪನೂ ಇರಲಿ” ಎಂದರು.