ಡೊಂಬಿವಲಿಯ ಮನೆಯಲ್ಲಿ ನರಸಿಂಹರಾಜು

ಮುಂಬಯಿಯಲ್ಲೇ ಹುಟ್ಟಿ ಬೆಳೆದ ನಿಮಗೆ ಕನ್ನಡ ಚಿತ್ರಗಳ ಹಾಸ್ಯನಟ ನರಸಿಂಹರಾಜು ಹೇಗೆ ಗೊತ್ತು, ನಗಿಸುವುದಕ್ಕೆ ಮರಾಠಿಯ ದಾದಾ ಕೋಂಡ್ಕೆ, ಅಶೋಕ್ ಸರಾಫ್ ಇದ್ದಾರಲ್ಲ ಎಂದು ಬೆಂಗಳೂರಿನಿಂದ ನೀವು ಕೇಳಿದ್ದೀರಿ. ಅವರಿಬ್ಬರೂ ನಮಗೆ ಬೇಕಾದವರೇ, ಅದರಲ್ಲಿ ತಕರಾರಿಲ್ಲ. ಆದರೆ ನರಸಿಂಹರಾಜು ಅವರನ್ನು ನಿಮ್ಮೂರಿನಿಂದ ಎರವಲು ತಂದುಕೊಂಡಿದ್ದೇವೆ ಎಂಬ ಧಾಟಿ ನಿಮ್ಮ ಪ್ರಶ್ನೆಯಲ್ಲಿ ಇರುವುದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕಾಗಿದೆ.

ತಿಪಟೂರಿನಲ್ಲಿ ಹುಟ್ಟಿ, ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಪಳಗಿದ ಅವರು ‘ಬೇಡರ ಕಣ್ಣಪ್ಪ’ದ ಮೂಲಕ ಬೆಳ್ಳಿತೆರೆಗೆ ಬಂದದ್ದು 1954ರಲ್ಲಿ. ರಾಜ್‌ಕುಮಾರ್ ಅವರಿಗೂ ನಾಯಕನಾಗಿ ಅದೇ ಮೊದಲ ಚಿತ್ರ. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೆಲ್ಲ ಮುಂಬಯಿ ರಾಜ್ಯದಲ್ಲಿದ್ದವು. ಅಲ್ಲಿನ ಕನ್ನಡಿಗರಿಗೆ ರಾಜಧಾನಿಯೆಂದರೆ ಇದೇ ಊರು. ಮಾಟುಂಗಾದ ಮೈಸೂರು ಅಸೋಸಿಯೇಷನ್ ಅದಕ್ಕೂ ಬಹಳ ಹಿಂದಿನದು, 1926ರದು. ನನ್ನ ತಂದೆಯವರು ಉಡುಪಿಯ ಕಡೆಯಿಂದ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ಇಂಥವರ ಮನೆಯಲ್ಲಿ ನರಸಿಂಹರಾಜು ಹೇಗೆ ಬಂದರು ಎಂದು ಇಲ್ಲಿ ಯಾರೂ ಕೇಳುವುದಿಲ್ಲ.

ನನಗೆ ಪ್ರಿಯವಾದ ಚಿತ್ರಗಳನ್ನು ಹೇಳುತ್ತೇನೆ. ‘ಬೇಡರ ಕಣ್ಣಪ್ಪ’ದ ಕಾಶಿ ಎಂಬವನ ಪಾತ್ರವಂತೂ ಸರಿಯೇ. ‘ರಣಧೀರ ಕಂಠೀರವ’ (1960) ಇಷ್ಟವಾಗುವುದಕ್ಕೆ ತೆರೆಯ ಹಿಂದಿನ ಕಥೆಯೂ ಕಾರಣ. ಚಿತ್ರಗಳು ಕಡಿಮೆಯಾಗಿ ಕೈ ಬರಿದಾದ ಕಾಲದಲ್ಲಿ ರಾಜ್‌ಕುಮಾರ್, ಜಿ. ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು ಒಟ್ಟಾಗಿ ಕಲಾವಿದರ ಸಂಘ ಕಟ್ಟಿ, ಊರೂರು ನಾಟಕವಾಡಿ, ಆ ಚಿತ್ರವನ್ನು ತಾವೇ ನಿರ್ಮಿಸಿದರು. ‘ನಕ್ಕರೆ ಅದೇ ಸ್ವರ್ಗ’ವನ್ನು ನನ್ನ ಅಕ್ಕ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರ ಮೊದಲ ಕನ್ನಡ ಹಾಡಿಗಾಗಿ ನೋಡುತ್ತಾಳೆ, ನಾನು ನರಸಿಂಹರಾಜು ಅವರಿಗಾಗಿ. ಆದರೆ ಎಲ್ಲಕ್ಕಿಂತ ಮೇಲೆ ನಾನು ಇಡುವುದು 1965ರ ‘ಸತ್ಯ ಹರಿಶ್ಚಂದ್ರ’ವನ್ನು.

ಅದರಲ್ಲಿ ಅವರದು ನಕ್ಷತ್ರಿಕನ ಪಾತ್ರ. ನಮ್ಮ ತಂದೆಯವರಿಗೆ ನಕ್ಷತ್ರಿಕ ಹೊಸಬನಲ್ಲ. ಯಕ್ಷಗಾನದ ಪ್ರಸಂಗದಲ್ಲಿ ಹಾಸ್ಯಗಾರರು ಮಾಡುವ ನಕ್ಷತ್ರಿಕನನ್ನು ಬೆಳಗಿನ ಜಾವದವರೆಗೆ ಕುಳಿತು ನೋಡಿದವರು ಅವರು. ಆ ತೂಕದಲ್ಲಿ ಅಳೆದೇ ಅವರು ನರಸಿಂಹರಾಜು ಅವರನ್ನು ಒಪ್ಪಿದ್ದು, ಅದೂ ಸುಲಭಕ್ಕೆ ಒಪ್ಪಲಿಲ್ಲ. ರಾಜ್ಯ ಕಳೆದುಕೊಂಡು, ಹೆಂಡತಿ ಮಗನೊಡನೆ ಕಾಲೆಳೆಯುತ್ತ ನಡೆದಿರುವ ಅರಸನ ಹಿಂದೆ, ಇಲ್ಲಿನ ಸಾಲ ವಸೂಲಿ ಏಜೆಂಟನಂತೆ, ಗುರು ವಿಶ್ವಾಮಿತ್ರನಿಗೆ ಸಲ್ಲಬೇಕಾದ ಹಣ ಕೊಡು ಎಂದು ಪೀಡಿಸುತ್ತ ಬರುವವನು ನಕ್ಷತ್ರಿಕ. ಅವನ ಗೋಳಾಟಕ್ಕೆ ನಾವು ನಗುತ್ತೇವೆ. ಆ ನಗು ಬಾಯಲ್ಲಿರುವಾಗಲೇ ಚಂದ್ರಮತಿಯ ಮುಖ ಕಂಡು ಸಂಕಟವಾಗುತ್ತದೆ. ನರಸಿಂಹರಾಜು ಅವರ ಆ ಮುಂದಿನ ಹಲ್ಲುಗಳನ್ನು ಕಂಡು ನಗುವವರು ಬಹಳ ಮಂದಿ ಇದ್ದಾರೆ, ನಗಲಿ. ಆ ನಟನ ನಿಜವಾದ ಸಾಮರ್ಥ್ಯ ಇದ್ದದ್ದು ಕಥೆಯ ದುಃಖಕ್ಕೆ ಒಂದಿಷ್ಟೂ ಧಕ್ಕೆಯಾಗದಂತೆ ನಗಿಸುವುದರಲ್ಲಿ ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದಲೇ ಈ ಚಿತ್ರಗಳನ್ನು ಇಡಿಯಾಗಿ ನೋಡಬೇಕು. ಇಡಿಯಾಗಿ ನೋಡಬೇಕೆಂದರೆ ನಾನು ಕೇಬಲ್‌ನವನೊಡನೆ ಜಗಳವಾಡಬೇಕು.

ಬೇಕಾದ ವಾಹಿನಿಯನ್ನು ಗ್ರಾಹಕರೇ ಆರಿಸಿಕೊಳ್ಳಬಹುದು ಎಂಬ ನಿಯಮ 2019ರಲ್ಲಿ ಜಾರಿಗೆ ಬಂದಿದೆ. ನಮ್ಮ ಕಟ್ಟಡಕ್ಕೆ ಬಂದಿರುವುದು ಮಾತ್ರ ಮರಾಠಿ ಮತ್ತು ಹಿಂದಿಯ ಸಿದ್ಧ ಪ್ಯಾಕು. ಹಳೆಯ ಚಿತ್ರ ತೋರಿಸುವ ಕನ್ನಡ ವಾಹಿನಿ ಅದರಲ್ಲಿಲ್ಲ, ಬೇರೆಯಾಗಿ ಹೇಳಿ ಹಾಕಿಸಿಕೊಳ್ಳಬೇಕು. ಮುಂದಿನ ರೀಚಾರ್ಜಿಗೆ ಅದು ತಾನಾಗಿಯೇ ಉದುರಿಹೋಗುತ್ತದೆ. ಫೋನು ಮಾಡಿದರೆ ಹುಡುಗ ಬಹಳ ಮರ್ಯಾದೆಯಿಂದ “ಕಾಕಾ, ಸೌಥ್ ಚಾಲೂ ಕರ್ ದಿಯಾ” ಎನ್ನುತ್ತಾನೆ. ಹಾಕಿ ನೋಡಿದರೆ ತಮಿಳು. ಅದಲ್ಲಪ್ಪ ಎಂದರೆ ತೆಲುಗು. ಕನ್ನಡ ಎಂದು ಬಿಡಿಸಿ ಹೇಳಿದರೆ, “ವಹೀ ತೋ, ಸೌಥ್” ಎಂದು ನನಗೇ ಸಮಾಧಾನ ಹೇಳುತ್ತಾನೆ. ಅವನು ಸಾತಾರಾ ಕಡೆಯವನು. ಅವನ ಊರಿಗೆ ನಮ್ಮ ಬೆಳಗಾವಿ ಎಷ್ಟು ಹತ್ತಿರವೆಂದು ನಾನೂ ಭೂಪಟ ಸಮೇತ ವಿವರಿಸಿದ್ದೇನೆ. ಚಹಾ ಕುಡಿದು ಹೋದನೇ ಹೊರತು ವಾಹಿನಿ ಬರಲಿಲ್ಲ. ಕೊನೆಗೆ ಬರುವಷ್ಟರಲ್ಲಿ ನಾನು ಕಾದಿದ್ದ ಚಿತ್ರ ಮುಗಿದು ಶುಭಂ ಬಿದ್ದಿರುತ್ತದೆ.

ಮೊಬೈಲಿನಲ್ಲಿ ನೋಡಬಾರದೇ ಎಂದು ಮಗಳು ಕೇಳುತ್ತಾಳೆ, ನೀವೂ ಕೇಳುತ್ತೀರಿ. ಅಲ್ಲಿ ನರಸಿಂಹರಾಜು ಎಂದು ಹುಡುಕಿದರೆ ಸಿಗುವುದು ಬಹುಮಟ್ಟಿಗೆ ಕಾಮಿಡಿ ತುಣುಕುಗಳು. ಹಿಂದಿಲ್ಲ ಮುಂದಿಲ್ಲ, ನಕ್ಷತ್ರಿಕ ಒಬ್ಬನೇ ಬಂದು ಕುಣಿದು ಹೋಗುತ್ತಾನೆ. ಅವನು ಪೀಡಿಸುತ್ತಿರುವುದು ಯಾರನ್ನು, ಯಾಕೆ ಎಂಬುದು ಗೊತ್ತಿಲ್ಲದೆ ನೋಡಿದ ನನ್ನ ಮಗಳು “ಈ ಮನುಷ್ಯ ಯಾಕೆ ಇಷ್ಟು ಕಿರುಚುತ್ತಾನೆ” ಎಂದಳು. ಅವಳ ಮೇಲೆ ನಾನು ಸಿಟ್ಟಾಗಲಿಲ್ಲ, ತುಣುಕು ಕತ್ತರಿಸಿದವರ ಮೇಲೆ ಆದೆ. ಆಮೇಲೊಂದು ಭಾನುವಾರ ಪೂರ್ತಿ ಚಿತ್ರ ಸಿಕ್ಕಿದಾಗ ಅವಳು ಸ್ಮಶಾನದ ದೃಶ್ಯದವರೆಗೂ ಮೇಲೇಳಲಿಲ್ಲ.

ನಿಮಗೆ ಈ ವಾಹಿನಿಗಳೆಲ್ಲ ಕೇಳದೆಯೇ ಬರುತ್ತವೆ. ನೀವು ಅವುಗಳಲ್ಲಿ ಕ್ರಿಕೆಟ್ಟನ್ನು ಬಿಟ್ಟು ಏನನ್ನೂ ನೋಡುವುದಿಲ್ಲವೆಂದು ನಿಮ್ಮ ಮನೆಯವರೇ ಹೇಳಿದ್ದಾರೆ. ಹಾಗಿರುವಾಗ ನಾವು ಇಲ್ಲಿ ಕನ್ನಡದ ಅತಿಥಿಗಳು, ನೀವು ಅಲ್ಲಿ ಯಜಮಾನರು ಎಂಬ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಅಷ್ಟಾಗಿಯೂ ನಿಮಗೆ ನನ್ನ ಮೇಲೆ ಮರುಕ ಬಂದಿದ್ದರೆ ಒಂದು ಕೆಲಸ ಮಾಡಿಕೊಡಿ. ನರಸಿಂಹರಾಜು ಅವರು 1974ರಲ್ಲಿ ತಾವೇ ನಿರ್ಮಿಸಿದ ‘ಪ್ರೊಫೆಸರ್ ಹುಚ್ಚೂರಾಯ’ದ ಒಳ್ಳೆಯ ಪ್ರತಿ, ಹಾಡುಗಳನ್ನು ಕತ್ತರಿಸದೆ ಇರುವಂಥದ್ದು, ನಿಮ್ಮ ಊರಿನಲ್ಲಿ ಎಲ್ಲಾದರೂ ಸಿಗುವುದೋ ವಿಚಾರಿಸಿ ತಿಳಿಸಿ. ಹಣ ಎಷ್ಟಾದರೂ ನಾನು ಕೊಡುತ್ತೇನೆ.