ಅಪ್ಪನ ಅಂಗಡಿಯಲ್ಲೇ ತಯಾರಿ ಶುರುಮಾಡು

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಬಿಬಿಎ ಎರಡನೇ ವರ್ಷ ಓದುತ್ತಿದ್ದೇನೆ. ಮುಂದಿನ ತಿಂಗಳು ಅಂತರ ಕಾಲೇಜು ಮ್ಯಾನೇಜ್‌ಮೆಂಟ್ ಫೆಸ್ಟ್‌ನಲ್ಲಿ ರೀಟೇಲ್ ವಿಭಾಗಕ್ಕೆ ನಮ್ಮ ತಂಡ ಹೋಗುತ್ತಿದೆ. ಯಾವುದೋ ಅಂಗಡಿಯ ಸಮಸ್ಯೆಯನ್ನು ಅಲ್ಲೇ ಕೊಡುತ್ತಾರೆ. ಅರ್ಧ ಗಂಟೆಯಲ್ಲಿ ಯೋಚಿಸಿ ತೀರ್ಪುಗಾರರ ಮುಂದೆ ಪರಿಹಾರ ಹೇಳಬೇಕು. ಗೆಳತಿಯರು ಪಿಪಿಟಿ ಟೆಂಪ್ಲೇಟ್ ಹುಡುಕುವುದರಲ್ಲೇ ಮುಳುಗಿದ್ದಾರೆ. ನನಗೆ ಗೊತ್ತಿರುವುದು ಅಪ್ಪನ ಕಿರಾಣಿ ಅಂಗಡಿ ಒಂದೇ. ಹೇಗೆ ತಯಾರಾಗಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ತಂಗಿ, ಮನೆಯವರದೇ ಕಿರಾಣಿ ಅಂಗಡಿ ಇರುವಾಗ ಟೆಂಪ್ಲೇಟ್ ಯಾಕೆ? ನಾನು ಸೂಪರ್ ಮಾರ್ಕೆಟ್ ಮ್ಯಾನೇಜರ್ ಆಗಿದ್ದವನು. ನಿವೃತ್ತಿಯಾದ ಮೇಲೆ ಇಂಥ ಫೆಸ್ಟ್‌ಗಳಿಗೆ ತೀರ್ಪುಗಾರನಾಗಿ ಹೋಗುತ್ತಿರುತ್ತೇನೆ. ಹೆಚ್ಚಿನ ತಂಡಗಳು ಬಂದವರೇ ಹೇಳುವುದು, ‘ಡಿಸ್ಕೌಂಟ್ ಕೊಡೋಣ ಸರ್.’ ‘ಕೊಟ್ಟರೆ ಎಷ್ಟು ಜಾಸ್ತಿ ಮಾರಬೇಕಾಗುತ್ತೆ?’ ಅಂತ ಕೇಳಿದರೆ ಎಲ್ಲರೂ ಸ್ಕ್ರೀನ್ ಕಡೆ ತಿರುಗುತ್ತಾರೆ.

ಲೆಕ್ಕ ಸುಲಭ. 80 ರೂಪಾಯಿಗೆ ತಂದ ಮಾಲನ್ನು 100ಕ್ಕೆ ಮಾರಿದರೆ 20 ಉಳಿಯುತ್ತದೆ. ಶೇ 10 ರಿಯಾಯಿತಿ ಕೊಟ್ಟರೆ ಉಳಿಯುವುದು 10 ಮಾತ್ರ. ಅಂದರೆ ಮೊದಲಿನಷ್ಟೇ ಲಾಭಕ್ಕೆ ಎರಡು ಪಟ್ಟು ಮಾರಬೇಕು. ಅಷ್ಟು ಜನ ಎಲ್ಲಿಂದ ಬರುತ್ತಾರೆ? ಇನ್ನೊಂದು ವಿಷಯ. ಆ 20 ರೂಪಾಯಿ ಮಾರಿದ ಬೆಲೆಯ ಮೇಲೆ ಶೇ 20, ಕೊಂಡ ಬೆಲೆಯ ಮೇಲೆ ಶೇ 25. ಮೊದಲನೆಯದು ಮಾರ್ಜಿನ್, ಎರಡನೆಯದು ಮಾರ್ಕಪ್. ಇವೆರಡನ್ನು ಅದಲು ಬದಲು ಮಾಡಿದರೆ ನಾನಂತೂ ಅಂಕ ಕಡಿಯುತ್ತೇನೆ.

ಭಾನುವಾರ ಅಪ್ಪನ ಜೊತೆ ಗಲ್ಲಾ ಪಕ್ಕ ಕೂತುಕೋ. ಮಂಡಕ್ಕಿ ಚೀಲ ಎಷ್ಟು ಜಾಗ ತಿನ್ನುತ್ತೆ ನೋಡು. ಅದೇ ಜಾಗದಲ್ಲಿ ಸೋಪು, ಬಿಸ್ಕತ್ತು ಇಟ್ಟರೆ ಚದರಡಿಗೆ ಸಿಗುವ ಲಾಭ ಜಾಸ್ತಿ ಇರಬಹುದು. ಹಾಗಾದರೆ ಮಂಡಕ್ಕಿ ತೆಗೆದುಬಿಡೋಣವೇ? ಮಂಡಕ್ಕಿಗೆ ಬಂದವರು ಖಾರ, ಶೇಂಗಾ, ಎಣ್ಣೆಯನ್ನೂ ಅಲ್ಲೇ ಒಯ್ಯುತ್ತಾರೆ. ದಾವಣಗೆರೆಯಲ್ಲಿ ಮಂಡಕ್ಕಿ ಇಲ್ಲ ಅಂದರೆ ಗಿರಾಕಿ ಪಕ್ಕದ ಅಂಗಡಿಗೇ ಹೋಗುತ್ತಾನೆ, ಅಲ್ವಾ? ಕೇಸ್‌ನಲ್ಲಿ, ಅಂದರೆ ಅಲ್ಲಿ ಕೊಡುವ ಸಮಸ್ಯೆಯಲ್ಲಿ, ‘ಯಾವ ಮಾಲು ಕೈಬಿಡಬೇಕು’ ಅಂತ ಬಂದಾಗ ಈ ಎರಡೂ ಬದಿ ಹೇಳಿದ ತಂಡ ಎದ್ದು ಕಾಣುತ್ತದೆ.

ಮಾಲು ವರ್ಷಕ್ಕೆ ಎಷ್ಟು ಸಲ ತಿರುಗುತ್ತದೆ, ಅಂದರೆ ಖಾಲಿಯಾಗಿ ಮತ್ತೆ ತುಂಬುತ್ತದೆ ಅಂತಲೂ ಕೇಳು. ಕೊಂಡ ಬೆಲೆಯ ಲೆಕ್ಕದಲ್ಲಿ ವರ್ಷಕ್ಕೆ 24 ಲಕ್ಷದ ಮಾಲು ಹೋಗಿ, ಅಂಗಡಿಯಲ್ಲಿ ಸರಾಸರಿ 2 ಲಕ್ಷದ್ದು ಇದ್ದರೆ 12 ಸಲ.

‘ವ್ಯಾಪಾರ ಬಿದ್ದಿದೆ’ ಅನ್ನುವ ಕೇಸ್ ಬಂದೇ ಬರುತ್ತದೆ. ಪರಿಹಾರಕ್ಕೆ ಹಾರಬೇಡಿ. ವ್ಯಾಪಾರ ಅಂದರೆ ಬಿಲ್‌ಗಳ ಸಂಖ್ಯೆ ಗುಣಿಸು ಸರಾಸರಿ ಬಿಲ್ ಮೊತ್ತ. ಯಾವುದು ಇಳಿದಿದೆ ಅಂತ ಮೊದಲು ಹುಡುಕಿ. ಜನ ಬಂದೂ ಬರಿಗೈಲಿ ಹೋಗುತ್ತಿದ್ದರೆ ಬೇಕಾದ ಮಾಲು ರ‍್ಯಾಕ್‌ನಲ್ಲಿ ಇಲ್ಲದಿರಬಹುದು, ಬಿಲ್ಲಿಂಗ್ ಸಾಲು ಉದ್ದವಿರಬಹುದು. ಜಾಹೀರಾತಿಗೆ ದುಡ್ಡು ಸುರಿದರೆ ಇದು ಸರಿಹೋಗುವುದಿಲ್ಲ.

‘ಡಿಮಾರ್ಟ್ ಥರ ಮಾಡೋಣ’ ಅಂತ ಸುಮ್ನೆ ಹೇಳಬೇಡಿ. 2002ರಲ್ಲಿ ಮುಂಬೈನ ಪವಾಯಿಯಲ್ಲಿ ಮೊದಲ ಮಳಿಗೆ ತೆರೆದ ಸೂಪರ್ ಮಾರ್ಕೆಟ್ ಸರಣಿ ಅದು. ಹೆಚ್ಚಿನ ಮಳಿಗೆಗಳು ಸ್ವಂತದ್ದು, ಹಾಗಾಗಿ ಬಾಡಿಗೆಯ ಹೊರೆ ಕಡಿಮೆ. ಸರಬರಾಜುದಾರರಿಗೆ ಬೇಗ ಹಣ ಕೊಟ್ಟು ಕಡಿಮೆ ದರಕ್ಕೆ ಮಾಲು ತರುತ್ತಾರೆ. ಬಾಡಿಗೆ ಕಟ್ಟಡದಲ್ಲಿರುವ, ಕೈಯಲ್ಲಿ ಕಾಸಿಲ್ಲದ ಅಂಗಡಿಗೆ ಈ ದಾರಿ ಹೇಗೆ ಆಗುತ್ತದೆ?

ಅಭ್ಯಾಸಕ್ಕೆ ನೀವೇ ಕೇಸ್ ಬರೆದು, ಫೋನ್ ಬದಿಗಿಟ್ಟು, ಗಡಿಯಾರ ನೋಡಿಕೊಂಡು ಅರ್ಧ ಗಂಟೆ ಕೂರಿ. ಕೊನೆಯ ಹತ್ತು ನಿಮಿಷ ಮಾತಾಡಿ ನೋಡುವುದಕ್ಕೇ ಇರಲಿ. ನಿರ್ಧಾರವನ್ನು ಮೊದಲ ವಾಕ್ಯದಲ್ಲೇ ಹೇಳಿ, ಕಾರಣ ಆಮೇಲೆ. ಇಂಗ್ಲಿಷ್ ಸಾದಾ ಇದ್ದರೂ ಪರವಾಗಿಲ್ಲ, ಅಂಕಿ ಸರಿಯಿರಲಿ.

ಉದ್ರಿ ಬಗ್ಗೆಯೂ ಅಪ್ಪನನ್ನು ಕೇಳಿಕೋ. ಯಾರಿಗೆ ಕೊಡುತ್ತಾರೆ, ಎಷ್ಟು ದಿನಕ್ಕೆ ವಾಪಸ್ ಬರುತ್ತದೆ, ಎಷ್ಟು ಮುಳುಗುತ್ತದೆ. ದೊಡ್ಡ ಮಳಿಗೆಯ ಎದುರು ಸಣ್ಣ ಅಂಗಡಿ ನಿಲ್ಲುವುದು ಹೇಗೆ ಎನ್ನುವ ಕೇಸ್‌ಗೆ ಅದು ಬೇಕಾಗುತ್ತದೆ. ಉದ್ರಿ ಪುಸ್ತಕವನ್ನು ಮಾತ್ರ ಫೆಸ್ಟ್‌ಗೆ ಒಯ್ಯಬೇಡ, ಓಣಿಯವರೆಲ್ಲ ಅಪ್ಪನ ಮೇಲೆ ಮುನಿಸಿಕೊಂಡಾರು.