ಇಬ್ಬರು ಡಾಕ್ಟರ್ ಸಹಿ ಸಾಲದು

"ಇಂಗ್ಲೆಂಡಿನಲ್ಲಿ ಸೈಕಿಯಾಟ್ರಿ ಕೆಲಸ ಸಿಕ್ಕಿದೆ ಅಕ್ಕಾ, ಅಲ್ಲಿ ಸೋಶಿಯಲ್ ವರ್ಕರ್‌ಗಳು ಡಾಕ್ಟರ್‌ಗೇ ಆಗಲ್ಲ ಅಂತಾರಂತೆ, ನಿಜವಾ?" ಅಂತ ಕೇಳಿದ್ದೀರಿ. ನಿಜ. ಹಾಗೆ ಹೇಳುವ ಅಧಿಕಾರವನ್ನು ಕಾನೂನೇ ಕೊಟ್ಟಿದೆ.

ಒಪ್ಪದ ರೋಗಿಯನ್ನು ಆಸ್ಪತ್ರೆಗೆ ಸೇರಿಸಬೇಕಾದರೆ, 1983ರ ಮೆಂಟಲ್ ಹೆಲ್ತ್ ಆಕ್ಟ್ ಪ್ರಕಾರ ಸಾಮಾನ್ಯವಾಗಿ ಇಬ್ಬರು ಡಾಕ್ಟರ್ ಶಿಫಾರಸು ಬರೆಯಬೇಕು. ಆದರೆ ಅರ್ಜಿ ಹಾಕುವುದು ಹೆಚ್ಚಾಗಿ ಏಎಂಎಚ್‌ಪಿ, ಅಂದರೆ ಅಪ್ರೂವ್ಡ್ ಮೆಂಟಲ್ ಹೆಲ್ತ್ ಪ್ರೊಫೆಷನಲ್. ಮಾತಿನಲ್ಲಿ 'ಆಂಪ್' ಅಂತೀವಿ. ಬಹುಪಾಲು ಸೋಶಿಯಲ್ ವರ್ಕರ್‌ಗಳೇ. 2008ರಿಂದ ನರ್ಸ್‌ಗಳೂ ಆಗಬಹುದು, ಡಾಕ್ಟರ್ ಮಾತ್ರ ಆಗುವಂತಿಲ್ಲ. ಅವರು ಬೇಡ ಅಂದರೆ ನಮ್ಮಿಬ್ಬರ ಕಾಗದ ಹಾಗೇ ಉಳಿಯುತ್ತದೆ.

ನಾನು ಸ್ಪೆಷಲಿಸ್ಟ್ ಆದ ಹೊಸದು. ಒಂಟಿಯಾಗಿದ್ದ ಅಜ್ಜಿ, ಊಟ ಬಿಟ್ಟಿದ್ದರು. ನಿದ್ದೆ, ಹಸಿವು, ಸಾಯುವ ಯೋಚನೆ, ಎಲ್ಲ ಕೇಳಿದೆ. ಸೆಕ್ಷನ್ 2, ಅಂದರೆ 28 ದಿನದವರೆಗೆ ಆಸ್ಪತ್ರೆ, ಅಂತ ನಾನೂ ಅವರ ಜಿಪಿಯೂ (ಫ್ಯಾಮಿಲಿ ಡಾಕ್ಟರ್) ಬರೆದೆವು. ಆಂಪ್ ಅಡುಗೆಮನೆಗೆ ಹೋಗಿ ಟೀ ಮಾಡಿ ತಂದು ಅಜ್ಜಿಯ ಪಕ್ಕ ಕೂತರು. ಅರ್ಧ ಗಂಟೆಯಾದ ಮೇಲೆ ಅಜ್ಜಿ ಬಾಯಿಬಿಟ್ಟರು. ಗಂಡ ತೀರಿಕೊಂಡದ್ದು ಅದೇ ಆಸ್ಪತ್ರೆಯಲ್ಲಂತೆ. ಮನೆಗೇ ಬಂದು ಮಾತ್ರೆ ಕೊಟ್ಟರೆ ತಗೋತೀನಿ ಅಂದರು. ಆಂಪ್ ಅರ್ಜಿ ಹಾಕಲಿಲ್ಲ. ಮನೆಗೇ ಬಂದು ಚಿಕಿತ್ಸೆ ಕೊಡುವ ಕ್ರೈಸಿಸ್ ಟೀಮ್ ದಿನಕ್ಕೆರಡು ಸಲ ಬರುವ ಹಾಗೆ ಮಾಡಿದರು. ನನಗೆ ಆ ದಿನ ವಿಪರೀತ ಸಿಟ್ಟು ಬಂದಿತ್ತು. ಅಜ್ಜಿ ಮನೆಯಲ್ಲೇ ಚೇತರಿಸಿಕೊಂಡರು. ಗಂಡನ ವಿಷಯ ನಾನು ಕೇಳಿಯೇ ಇರಲಿಲ್ಲ, ಅದು ಈಗಲೂ ಚುಚ್ಚುತ್ತದೆ.

ನಿಮ್ಹಾನ್ಸ್‌ನಲ್ಲಿ ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್ ವಿಭಾಗವೇ ಇದೆ, ಗೊತ್ತು. ಆದರೆ ನಾನು ಓದಿದ ಕಡೆ ಸೋಶಿಯಲ್ ವರ್ಕರ್ ಅಂದರೆ ಬಿಪಿಎಲ್ ಕಾರ್ಡ್ ವಿಚಾರಿಸುವವರು, ಅಷ್ಟೇ. ಆ ಅಭ್ಯಾಸ ಇಲ್ಲಿಗೆ ತರಬೇಡಿ. ಆಂಪ್‌ಗಳನ್ನು ಹೆಸರು ಹಿಡಿದೇ ಕರೆಯಿರಿ, ಅವರೂ ನಿಮ್ಮನ್ನು ಹಾಗೇ ಕರೀತಾರೆ, ಬೇಜಾರಾಗಬೇಡಿ. ಮನೆಯೊಳಗೆ ಹೋಗುವ ಮುಂಚೆ ಬಾಗಿಲಲ್ಲಿ ನಿಂತು ಐದು ನಿಮಿಷ ಮಾತಾಡಿಕೊಳ್ಳಿ. ಅವರು ಒಪ್ಪದಿದ್ದರೆ ಕಾರಣ ಕೇಳಿ. ನಿಮಗೆ ಅಪಾಯ ಕಂಡರೆ ಅದನ್ನೂ ಬಿಡಿಸಿ ಹೇಳಿ, ಸುಮ್ನೆ ಮುಖ ಗಂಟಿಕ್ಕಬೇಡಿ.

ಇನ್ನೊಂದು. ಸಹಿ ಹಾಕಿ ನಾವು ಹೊರಟುಬಿಡ್ತೀವಿ ಅಲ್ವಾ, ಆಮೇಲೆ ಹಾಸಿಗೆ ಸಿಗುವವರೆಗೆ, ಆಂಬ್ಯುಲೆನ್ಸ್ ಬರುವವರೆಗೆ ರೋಗಿಯ ಜೊತೆ ಇರುವವರು ಅವರೇ. ಕೆಲವು ಸಲ ನಡುರಾತ್ರಿ ದಾಟುತ್ತದೆ. ಗ್ಯಾಸ್ ಆಫ್ ಮಾಡಿ, ಮನೆಗೆ ಬೀಗ ಹಾಕುವುದೂ ಅವರೇ. ಬಂದ ಮೊದಲ ತಿಂಗಳಲ್ಲೇ ಒಂದು ಸಲ ಆ ಬೀಗ ಬೀಳುವವರೆಗೂ ಅವರ ಜೊತೆ ನಿಲ್ಲಿ.